ದೊಡ್ಡ ಪುಲ್ಲಿ

ಸೊಲ್ಲಾಪುರ, ನೀಲಂ ನಗರ, ಮೇ ತಿಂಗಳು.
ರಾತ್ರಿ ಹನ್ನೊಂದಾದರೂ ಗೋಡೆ ಇನ್ನೂ ರೊಟ್ಟಿಯ ಹೆಂಚು.
ಕೆಳಗೆ ಇಪ್ಪತ್ತನಾಲ್ಕು ಮಗ್ಗ, ಅಟ್ಟದ ಮೇಲೆ ನಾನು,
ನನ್ನ ಮುಂದೆ ಪಕ್ಕದ ತಗಡು ಕಳಚಿದ ಕಂಪ್ಯೂಟರು.
ಮುಚ್ಚಿಹೋದ ಸೈಬರ್ ಕೆಫೆಯಿಂದ ಆರು ಸಾವಿರಕ್ಕೆ ತಂದದ್ದು.
ಹಗಲು ಚೌಕಕ್ಕೆ ಚೌಕ ತುಂಬಿ
ಟಾವೆಲ್ಲಿನ ಅಂಚಿಗೆ ನವಿಲು ಬರೆಯುತ್ತದೆ.
ರಾತ್ರಿ ಅದು ನನ್ನದಲ್ಲ.

ರಾತ್ರಿ ಅದಕ್ಕೆ ದೂರದಿಂದ ಒಂದು ಗಂಟು ಬರುತ್ತದೆ:
ಆಕಾಶದ ಗದ್ದಲದ ಒಂದು ತುಣುಕು.
ಅದರೊಳಗೆ ಮಿಡಿಯುವ ನಕ್ಷತ್ರ ಇರಬಹುದು,
ಇಲ್ಲದೆಯೂ ಇರಬಹುದು. ಬಿಚ್ಚಿ ನೋಡಿ ಹೇಳಬೇಕು.
ಕೂಲಿ ಇಲ್ಲ. ಅಂಕವಿದೆ,
ಆ ಅಂಕಕ್ಕೆ ಅರ್ಧ ಚಹಾವೂ ಬರುವುದಿಲ್ಲ.
"ಪುಕ್ಕಟೆ ದುಡಿಯೂದಕ್ಕ ಮ್ಯಾಲ ಲೈಟ್ ಬಿಲ್ ಬ್ಯಾರೆ ಕಟ್ತೀಯೇನ?"
ಕಂಡಿಕೆ ಸುತ್ತುವ ಶಾವಂತ್ರವ್ವ ನಕ್ಕಳು.
ನಕ್ಕವಳೇ ದಿನಾ ಮೆಟ್ಟಿಲ ಕೆಳಗಿಂದ ಕೇಳುತ್ತಾಳೆ,
"ಸಿಕ್ತೇನ ನಿನ್ನ ಚಿಕ್ಕಿ?"

ಒಂದು ಗಂಟಿಗೆ ಹನ್ನೊಂದು ತಾಸು.
ನನಗೆ ತಡೆಯಲಿಲ್ಲ.
ಗಡಿಯಾರದ ಓಟ ಏರಿಸಿದೆ,
ಮೂರು ಪಾಯಿಂಟ್ ನಾಲ್ಕರಿಂದ ನಾಲ್ಕಕ್ಕೆ,
ಅಲ್ಲಿಂದ ನಾಲ್ಕೂಕಾಲಿಗೆ.
ವೋಲ್ಟೇಜು ಒಂದು ಚಿಟಿಕೆ ಹೆಚ್ಚು, ಉಪ್ಪಿನ ಹಾಗೆ.
ಹನ್ನೊಂದು ತಾಸು ಒಂಬತ್ತಾಯಿತು.
ಪುಷ್ಯ, ಮಾಘ, ಚಳಿ ನನ್ನ ಕಡೆಗಿತ್ತು.
ಅಂಕಗಳು ಏರಿದವು, ನನ್ನ ಎದೆಯೂ ಕೊಂಚ.

ಬೇಸಿಗೆಯಲ್ಲಿ ತೊಂಬತ್ತಾರು ಡಿಗ್ರಿ ಮುಟ್ಟಿ
ಅದು ತಾನಾಗಿಯೇ ಕುಂಟತೊಡಗಿತು.
ಕುಂಟಿದ ರಾತ್ರಿಗಳ ಮೇಲೆ ನನಗೆ ಸಿಟ್ಟಿಲ್ಲ.
ಕುಂಟದೆ ಓಡಿದ ರಾತ್ರಿಗಳೇ ಸುಳ್ಳು ಹೇಳಿದವು.
ಹೊಗೆ ಬರಲಿಲ್ಲ, ಪರದೆ ನೀಲಿಯಾಗಲಿಲ್ಲ,
ಕೋಟಿ ಕೋಟಿ ಲೆಕ್ಕದ ನಡುವೆ ಎಲ್ಲೋ
ಒಂದು ಸೊನ್ನೆ ಸದ್ದಿಲ್ಲದೆ ಒಂದಾಯಿತು.
ಅಷ್ಟೇ.

ಪ್ರತಿ ಗಂಟೂ ಇಬ್ಬರಿಗೆ ಹೋಗುತ್ತದೆ, ಗುರುತಿಲ್ಲದ ಇಬ್ಬರಿಗೆ.
ಉತ್ತರ ಹೊಂದದಿದ್ದರೆ ಮೂರನೆಯವರಿಗೆ.
ಆ ವಾರ ಹದಿನಾಲ್ಕು ಸಲ ಮೂರನೆಯವರು ಬಂದರು,
ಹದಿನಾಲ್ಕು ಸಲವೂ ತಪ್ಪು ನನ್ನದು.
ಅವರಲ್ಲೊಂದು, ನನ್ನದಕ್ಕಿಂತ ಹಳೆಯ ಯಂತ್ರ,
ನಲವತ್ತೊಂದು ತಾಸು ತೆಗೆದುಕೊಂಡಿತ್ತು
ನಾನು ಒಂಬತ್ತರಲ್ಲಿ ಕೆಡಿಸಿದ್ದನ್ನು ಸರಿಮಾಡಲು.
ಯಾರ ಮನೆಯ ಕರೆಂಟೋ,
ಯಾರು ಫ್ಯಾನ್ ತಮ್ಮ ಕಡೆಯಿಂದ ಅದರ ಕಡೆಗೆ ತಿರುಗಿಸಿ ಮಲಗಿದರೋ.

ಆಗ ಒಂಬತ್ತನೇ ನಂಬರಿನ ಮಗ್ಗ ನೆನಪಾಯಿತು.
ದೀಪಾವಳಿಯ ಆರ್ಡರಿಗೆಂದು ಶೇಟ್ ಅದರ ಮೋಟಾರಿಗೆ
ದೊಡ್ಡ ಪುಲ್ಲಿ ಹಾಕಿಸಿದ್ದ.
ಲಾಳಿ ಕಣ್ಣಿಗೆ ಸಿಗದಂತೆ ಹಾರಿತು,
ಹಾಸಿನ ಎಳೆ ಎಲ್ಲಿ ಕಡಿಯಿತೆಂದು ಯಾರಿಗೂ ಕಾಣಲಿಲ್ಲ.
ಜಾಬರ್ ಅಡಿವೆಪ್ಪ ಕಿವಿಗೊಟ್ಟು ನಿಂತು ಅಂದಿದ್ದ,
"ಮಗ್ಗ ಓಡಾಕತ್ತೈತಿ ಸಾಹೇಬ್ರ, ಬಟ್ಟಿ ಹಿಂದ ಉಳದೈತಿ."
ಆ ಟಾವೆಲ್ಲುಗಳು ಮಂಗಳವಾರದ ಬಜಾರಿನಲ್ಲಿ ಕಿಲೋ ಲೆಕ್ಕಕ್ಕೆ ಹೋದವು.
ತಪ್ಪು ಲೆಕ್ಕಕ್ಕೆ ಆ ಬಜಾರೂ ಇಲ್ಲ.

ಇಳಿಸಿದೆ. ನಾಲ್ಕು. ಮೂರು ಪಾಯಿಂಟ್ ಒಂಬತ್ತು.
ಪೂರ್ತಿ ಇಳಿಸಲು ಮನಸ್ಸು ಬಾರದೆ ಏಳರಲ್ಲಿ ನಿಂತೆ.
ಫ್ಯಾನಿನ ರೆಕ್ಕೆಯಿಂದ ಹತ್ತಿಯ ಧೂಳು ಬ್ರಷ್ಷಿನಲ್ಲಿ ತೆಗೆದೆ,
ಒಂದು ಮುಷ್ಟಿ ಬಂತು.
ಹತ್ತು ತಾಸಿನ ಮೇಲೆ ಒಂದಿಷ್ಟು ನಿಮಿಷ.
ಎರಡು ದಿನ ಬಿಟ್ಟು, ಗುರುತಿಲ್ಲದ ಇನ್ನೊಬ್ಬರ ಉತ್ತರದೊಂದಿಗೆ
ನನ್ನದು ಕೊನೆಯ ಅಂಕಿಯವರೆಗೂ ಹೊಂದಿತು.

"ಸಿಕ್ತೇನ ಚಿಕ್ಕಿ?"
"ಇಲ್ಲ ಬೇ. ಆದ್ರ ಆ ತುಣುಕಿನ್ಯಾಗ ಇಲ್ಲ ಅಂತ ಖಾತ್ರಿ ಆತು."
ಶಾವಂತ್ರವ್ವ ಎಳೆಯನ್ನು ಹಲ್ಲಿನಲ್ಲಿ ಕಡಿದಳು.
"ಹಂಗಾರ ಅದೂ ಒಂದ್ ಕೆಲಸಾನ ಆತಲ್ಲ," ಅಂದು
ಖಾಲಿ ಕಂಡಿಕೆಗೆ ಕೈಹಾಕಿದಳು.