ರಾತ್ರಿ ಒಂದೂವರೆ

ಕೀಲಿಗೊಂಚಲು ಮುಟ್ಟಿದರೆ ಸಾಕು,
ಮುರ್ರಿಗೆ ಎಲ್ಲ ಗೊತ್ತಾಗುತ್ತದೆ.
ಬುತ್ತಿಡಬ್ಬಿ ಮುಚ್ಚಿದ ಸದ್ದು, ಬೂಟಿನ ದಾರ ಬಿಗಿದ ಸದ್ದು.
ಸುಲೊ ಇನ್ನೂ ಬಾಗಿಲ ಈಚೆಗೇ ಇರುವಾಗ
ಅದರ ಪಾಲಿಗೆ ಹೋಗಿಯಾಗಿದೆ ಅವನು.

ಲೂಲೆಯೊದ ಅಕ್ಕ ಸತ್ತ ಮೇಲೆ
ಅವಳ ನಾಯಿ ಇವನ ಮನೆಗೆ ಬಂತು.
ಹೋದವರು ಬಾರದೆಯೂ ಇರಬಹುದು ಎಂದು
ಕಂಡುಂಡ ನಾಯಿ.

ಕಿರುನಾದ ಡಿಸೆಂಬರಿಗೆ ಹಗಲಿಲ್ಲ.
ಸೂರ್ಯನೇ ಬರದ ಊರಲ್ಲಿ ಕಾಯುವುದಕ್ಕೆ ಅಳತೆಯೂ ಇಲ್ಲ.
ಕದ ಪರಚಿ ಪರಚಿ ಉಗುರಲ್ಲಿ ರಕ್ತ,
ಊಳು ಮೂರನೇ ಮಹಡಿಯ ನನ್ನ ದಿಂಬಿನವರೆಗೆ.
ದೂರು ಹೇಳಲೆಂದೇ ಇಳಿದೆ ನಾನು,
ಚಪ್ಪಲಿ ಅದಲುಬದಲು ಮೆಟ್ಟಿಕೊಂಡು.
ಬಾಗಿಲ ಟಪಾಲು ಕಿಂಡಿಯಲ್ಲಿ ಒಂದು ಒದ್ದೆ ಮೂಗು.
ದೂರು ಯಾವ ಮೆಟ್ಟಿಲಲ್ಲಿ ಬಿತ್ತೋ.

ಒಂದೂವರೆಗೆ ಗಣಿ ಸಿಡಿಯುತ್ತದೆ, ದಿನಾ.
ನಮಗದು ಹಳೇ ನೆಂಟ; ಕಪಾಟಿನ ಗಾಜು ಝಣ್ ಅಂದರೆ
ಮಗ್ಗುಲು ಬದಲಿಸುತ್ತೇವೆ.
ಮುರ್ರಿಗೆ ದಿನಾ ಮೊದಲ ಸಲ.
ಸ್ನಾನದ ತೊಟ್ಟಿಗೆ ಹಾರಿ, ಬಾಲ ಹೊಟ್ಟೆಗಂಟಿಸಿ,
ನಲ್ಲಿಯ ಕಡೆ ಮುಖ ಮಾಡಿ ನಡುಗುತ್ತದೆ.

'ಗದರಬೇಡ' ಅಂದೆ ಸುಲೊಗೆ.
'ನಾನೆಲ್ಲಿ ಗದರಿದೆ' ಅಂತ ಗದರಿದ.

ಪಾಠ ಶುರುವಾಯಿತು. ಕೀಲಿ ತೆಗೆದು, ಎಲ್ಲೂ ಹೋಗದೆ, ಕಾಫಿ ಕುಡಿದೆವು.
ಮತ್ತೆ ಕೀಲಿ. ಮತ್ತೆ ಕಾಫಿ.
ಐದನೇ ದಿನ ಕೀಲಿಗೆ ಕಿವಿ ಮಾತ್ರ ಎದ್ದಿತು.
ಆಮೇಲೆ ಬಾಗಿಲಾಚೆ ಹತ್ತೆಣಿಸಿ ಒಳಗೆ.
ಇಪ್ಪತ್ತು. ಮೂವತ್ತಾರು.
ಯಾಕೋ ಮೂವತ್ತಾರಕ್ಕೆ ಅಳು.
ಹಾಗಾದರೆ ಹದಿನೈದಕ್ಕೆ ವಾಪಸು.
'ಮುದ್ದಾಡಿ ಹೋಗಬೇಡ, ಮುದ್ದಾಡುತ್ತ ಬರಬೇಡ,
ಪಕ್ಕದ ಮನೆಗೆ ಉಪ್ಪು ಕೇಳಲು ಹೋದ ಹಾಗೆ ಹೋಗು' ಅಂದೆ.
ಗಣಿಯಲ್ಲಿ ಮೂವತ್ತು ವರ್ಷ ಕಳೆದವನು
ಮೆಟ್ಟಿಲ ಕತ್ತಲಲ್ಲಿ ನಿಂತು ಬೆರಳು ಮಡಿಸಿ ಎಣಿಸುತ್ತಿದ್ದ.

ಸದ್ದಿಗೆ ಮಾತ್ರ ಮದ್ದು ಸಿಗಲಿಲ್ಲ.
ಸಿಡಿತವನ್ನು ಫೋನಿನಲ್ಲಿ ಹಿಡಿದು, ಸಣ್ಣಗೆ ಹಾಕಿ,
ಒಣಗಿಸಿದ ಹಿಮಸಾರಂಗದ ಮಾಂಸದ ಚೂರು ಕೊಟ್ಟೆವು.
ತಿಂದಿತು. ಜೋರು ಮಾಡಿದೆವು. ತಿಂದು, ಆಕಳಿಸಿತು.
ರಾತ್ರಿ ಒಂದೂವರೆಗೆ ಮತ್ತೆ ತೊಟ್ಟಿ.
ಆಗ ಹೊಳೆಯಿತು, ಅವನ ಅಡುಗೆಮನೆಯಲ್ಲಿ ಬರಿಗಾಲಲ್ಲಿ ನಿಂತಿದ್ದಾಗ:
ಫೋನಿಗೆ ನೆಲವಿಲ್ಲ.
ನಾವು ಕಿವಿಯಲ್ಲಿ ಕೇಳುವುದನ್ನು
ಅದು ಅಂಗಾಲಲ್ಲಿ ಕೇಳುತ್ತದೆ,
ನಮಗಿಂತ ಒಂದು ಉಸಿರು ಮೊದಲು.

ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ್ದೊಂದು ಬಟ್ಟೆ ಒಗೆಯುವ ಯಂತ್ರ.
ಹಿಂಡುವಾಗ ಗಡಗಡ ಕುಣಿಯುತ್ತದೆ, ನೆಲ ಸಮೇತ.
ಮೊದಲು ಬಾಗಿಲಾಚೆ, ಆಮೇಲೆ ಹೊಸ್ತಿಲು, ಆಮೇಲೆ ಪಕ್ಕದಲ್ಲೇ,
ಒಂದೊಂದು ಅದುರಿಗೆ ಒಂದೊಂದು ತುತ್ತು.
ಒಗೆದ ಟವಲನ್ನೇ ಒಗೆದೆವು ಫೆಬ್ರವರಿಯವರೆಗೆ.
ಸರದಿ ಪಟ್ಟಿಯಲ್ಲಿ ನಮ್ಮಿಬ್ಬರ ಹೆಸರು ಒಟ್ಟಿಗೆ ಕಂಡು
ಎರಡನೇ ಮಹಡಿಯ ಗುನ್‌ವೋರ್ ಏನೋ ಅಂದುಕೊಂಡಳು.
ಅಂದುಕೊಳ್ಳಲಿ.

ಒಂದು ಮಾತನ್ನು ಮುರ್ರಿಗೆ ಹೇಳಿಲ್ಲ.
ಸುಲೊನ ಕೆಲಸ, ಬಂಡೆಯ ತೂತಿಗೆ ಮದ್ದು ತುಂಬುವುದು.
ಯಾವ ಕೈಗಾಗಿ ಅದು ಕದ ನೋಡುತ್ತ ಮಲಗಿದೆಯೋ
ಆ ಕೈಯೇ ಅದರ ನೆಲವನ್ನು ನಡುಗಿಸುತ್ತದೆ.
ಅವನಿಗೆ ಗೊತ್ತು. ಬೆಳಿಗ್ಗೆ ಬಂದವನು
ಮೂರು ಸಲ ಸೋಪು ಹಚ್ಚಿ ತೊಳೆದು
ಆಮೇಲೆ ಅದರ ತಲೆ ಮುಟ್ಟುತ್ತಾನೆ.

ನಿನ್ನೆ ಒಂದೂವರೆ.
ಅವನ ಹಳೇ ಸ್ವೆಟರಿನ ಮೇಲೆ ಮಲಗಿತ್ತು.
ನಾಲ್ಕೂ ಕಾಲು ಒಮ್ಮೆಗೇ ಬಿಗಿದವು.
ಎದ್ದು, ತೊಟ್ಟಿಯ ಕಡೆ ಎರಡು ಹೆಜ್ಜೆ ಹೋಗಿ,
ನಿಂತು,
ತಿರುಗಿ ನನ್ನ ಕೈ ನೋಡಿತು.
ಮಾಂಸದ ಡಬ್ಬಿ ಮೇಲೆ ಮನೆಯಲ್ಲೇ ಮರೆತಿದ್ದೆ.
ಖಾಲಿ ಕೈಯನ್ನೇ ನೆಕ್ಕುತ್ತ
ಗಾಜು ಸುಮ್ಮನಾಗುವವರೆಗೆ ಕೂತಿತು.
ನಡುಗುತ್ತಲೇ ಕೂತಿತು.