ಸಾಲು ಸರಿಸಿದವಳು

ರೂವಿಯಲ್ಲಿ ನಮ್ಮ ಆಫೀಸು ಮೂರನೇ ಮಹಡಿ,
ಕೆಳಗೆ ಪರದೆ ಬಟ್ಟೆಯ ಅಂಗಡಿ.
ಅಲ್ಲಿ ಟೇಪು ಹಿಡಿದವನಿಗೆ ಜಗಳವಿಲ್ಲ,
ಕಿಟಕಿ ಎಷ್ಟೋ ಬಟ್ಟೆ ಅಷ್ಟು.
ಮೇಲೆ ನಾವು ನಾಲ್ಕು ಜನ
ನೀರಿನ ಟ್ಯಾಂಕರುಗಳ ಲೆಕ್ಕಕ್ಕೆ ಕೋಡು ಬರೆಯುವವರು.
ಮೂರು ವಾರದಿಂದ ಒಂದೇ ಮಾತು:
ಒಂದು ಸಾಲು ಎಷ್ಟುದ್ದ?

ಎಂಬತ್ತು, ಎನ್ನುತ್ತಾರೆ ಎಲಿಯಾಸ್ ಕುಟಿನ್ಹೊ.
ಶಿರ್ವದವರು. ಇಲ್ಲಿಗೆ ಬಂದು ಮೂವತ್ತನಾಲ್ಕು ವರ್ಷ.
ತೂತು ಕೊರೆದ ಕಾರ್ಡು ಕಂಡವರಲ್ಲ,
ಕಂಡವರ ಕೈಕೆಳಗೆ ಪಳಗಿದವರು.
'ಎಂಬತ್ತರಲ್ಲಿ ಹೇಳಲಾಗದ್ದು
ಎಂಟುನೂರರಲ್ಲೂ ಆಗುವುದಿಲ್ಲ ಮಾರಾಯ್ತಿ.'

ನೂರಿಪ್ಪತ್ತು, ಎನ್ನುತ್ತಾನೆ ಬರ್ಕಾದ ಹೈತಮ್.
ಅವನದು ಹೊಸ ಅಗಲದ ಸ್ಕ್ರೀನು, ಬಲಗಡೆಯ ಅರ್ಧ
ಬಾಡಿಗೆಗೆ ಹೋಗದ ಫ್ಲ್ಯಾಟಿನ ಹಾಗೆ ಖಾಲಿ.
'ಜಾಗ ಇರುವಾಗ ಯಾಕೆ ಮುದುರಿ ಕೂರಬೇಕು?'
ರೊವೇನಾ ನಗುತ್ತಾಳೆ.
ಒಂದು ಕೋಣೆಯಲ್ಲಿ ಆರು ಜನ,
ಮಂಚದ ಮೇಲೆ ಮಂಚ ಹಾಕಿ ಮಲಗುವವಳು.
'ಎಷ್ಟಾದರೂ ಸರಿ, ಗೋಡೆ ಎಲ್ಲಿದೆ ಅಂತ ಮೊದಲೇ ಹೇಳಿ.'

ನಾನು ಎರಡೂ ಕಡೆ ತಲೆಯಾಡಿಸಿದೆ.
ನನಗೆ ಸಾಲು ಅಳೆಯಲು ಕಲಿಸಿದ್ದು
ಹೆಬ್ರಿ ಶಾಲೆಯ ಕನ್ನಡ ಮೇಷ್ಟ್ರು,
ಬೆರಳ ಗೆಣ್ಣಿನ ಮೇಲೆ, ಲಘು ಒಂದು ಗುರು ಎರಡು,
ಮೂರು ನಾಲ್ಕು ಮೂರು ನಾಲ್ಕು.
ಪಾದ ತುಂಬಿತೋ, ಪದ ಒಡೆದರೂ ಚಿಂತೆಯಿಲ್ಲ,
ಅರ್ಥ ಹೊಸ್ತಿಲ ಮೇಲೆ ಒಂದು ಕಾಲಿಟ್ಟು
ಮುಂದಿನ ಸಾಲಿಗೆ ಕಾಯುತ್ತಿತ್ತು.
ಯಂತ್ರದ ಎಣಿಕೆ ಬೇರೆ.
ಒಮ್ಮೆ ತಮಾಷೆಗೆ 'ಸ್ತ್ರೀ' ಎಂದು ಬರೆದು ಅಳತೆ ಕೇಳಿದೆ.
ಆರು, ಎಂದಿತು.
ಬಾಯಿಗೆ ಒಂದೇ ಉಸಿರು, ಅದಕ್ಕೆ ಆರು ಜನ.
ಹೈತಮ್‌ನ ಅರಬ್ಬಿ ಟಿಪ್ಪಣಿಗಳಿಗೋ
ನಾವು ಜಗಳವಾಡುವ ಬಲದ ಅಂಚು
ಕೊನೆಯೇ ಅಲ್ಲ, ಶುರು.

ರಂಜಾನಿನ ಒಂದು ಗಿಡ್ಡ ಮಧ್ಯಾಹ್ನ,
ಕೆಲವರಿಗೆ ಹಸಿವು,
ಉಳಿದವರಿಗೆ ಹಸಿದವರೆದುರು ತಿನ್ನದ ಸಂಕೋಚ,
ನೂರು, ಎಂದು ಒಪ್ಪಿದೆವು.
ನೂರು ಯಾರಿಗೂ ಬೇಕಿರಲಿಲ್ಲ.
ಅದಕ್ಕೇ ಎಲ್ಲರಿಗೂ ಆಯಿತು.

ಆ ರಾತ್ರಿ ಆಜ್ಞೆ ಕೊಟ್ಟವಳು ನಾನು.
ನಲವತ್ತೊಂದು ಸಾವಿರ ಸಾಲು, ಹನ್ನೊಂದು ಸೆಕೆಂಡು.
ಒಡೆದವು, ಕೂಡಿದವು, ನೆಟ್ಟಗೆ ನಿಂತವು.
ಚಹಾ ಆರುವಷ್ಟೂ ಹೊತ್ತಾಗಲಿಲ್ಲ.

ಮರುವಾರ ಅಲ್ ಖುವೈರ್‌ನ ಒಂದೇ ಮನೆಗೆ
ಎರಡು ಸಲ ಟ್ಯಾಂಕರು ಹೋಯಿತು.
ಯಾರು ಬರೆದದ್ದು ಈ ಸಾಲು, ಎಂದು ಕೇಳಿದೆ.
ಕೇಳುವ ಆಜ್ಞೆಯ ಹೆಸರೇ 'ಬ್ಲೇಮ್'.
ನನ್ನ ಹೆಸರು ಬಂತು.
ಅದರ ಮೇಲಿನದು? ನಾನು. ಕೆಳಗಿನದು? ನಾನು.
ವೀಸಾ ರದ್ದಾಗಿ ಒಮ್‌ದುರ್ಮಾನಿಗೆ ಹೋದ ಇದ್ರಿಸ್ ಇಲ್ಲ,
ಕುರುವಿಳ ಇಲ್ಲ, ತನ್ವೀರ್ ಇಲ್ಲ,
ಯಾರೆಂದು ಯಾರಿಗೂ ನೆನಪಿಲ್ಲದ 'ಯೂಸರ್ ಎರಡು' ಕೂಡ ಇಲ್ಲ.
ಕುರ್ಚಿ, ಕಪ್ಪು, ಲಾಕರಿನ ಕೀಲಿ
ಎಲ್ಲ ಒಪ್ಪಿಸಿ ಹೋದವರು.
ಇಲ್ಲಿ ಅವರದೆಂದು ಉಳಿದದ್ದು
ಸಾಲಿನ ಪಕ್ಕದ ಆ ಸಣ್ಣ ಬೂದು ಅಕ್ಷರ ಮಾತ್ರ.

ಎಲಿಯಾಸ್ ಹಿಂದೆ ಬಂದು ನಿಂತರು.
ಕನ್ನಡಕ ಹಣೆಗೇರಿಸಿ ನೋಡಿದರು.
'ಹಳೆಯದು ಎಂಬತ್ತಕ್ಕೇ ಇತ್ತು,' ಎಂದರು,
'ಮುಟ್ಟುವುದು ಬೇಕಿರಲಿಲ್ಲ.'
ಇಷ್ಟನ್ನು ಮೂರು ವಾರದಲ್ಲಿ ಒಮ್ಮೆ
ಬಾಯಿಬಿಟ್ಟು ಹೇಳಬಾರದಿತ್ತೇ!

ದಾರಿ ತೋರಿಸಿದ್ದು ರೊವೇನಾ.
ಒಂದು ಪುಟ್ಟ ಫೈಲು.
ಆ ರಾತ್ರಿಯ ಕೆಲಸದ ಗುರುತು ಅದರಲ್ಲಿ ಬರೆದರೆ
ಯಂತ್ರ ಅದನ್ನು ದಾಟಿ
ಹಿಂದೆ ಯಾರಿದ್ದರೆಂದು ನೋಡುತ್ತದೆ.
ನಲವತ್ತು ಅಕ್ಷರದ ಗುರುತು,
ಎಂಬತ್ತರಲ್ಲೂ ಹಿಡಿಯುತ್ತದೆ, ನೂರರಲ್ಲೂ.
ಅದರ ಮೇಲೆ ಕನ್ನಡದಲ್ಲೇ ಟಿಪ್ಪಣಿ ಹಾಕಿದೆ:
'ಈ ಕೈ ಏನೂ ಬರೆದಿಲ್ಲ. ಸಾಲು ಸರಿಸಿತು, ಅಷ್ಟೆ.'

ಮತ್ತೆ ಕೇಳಿದೆ.
ಇದ್ರಿಸ್, ಎಂದಿತು. ಎರಡು ವರ್ಷದ ಹಿಂದೆ,
ಗುರುವಾರ, ರಾತ್ರಿ ಹನ್ನೊಂದು ನಲವತ್ತು.

ತಪ್ಪು ಅವನದೇ.
ತಿದ್ದಿದೆ.
ಆ ಒಂದು ಸಾಲು ಈಗ ನನ್ನ ಹೆಸರಿನಲ್ಲಿದೆ,
ತೊಂಬತ್ತೆಂಟು ಅಕ್ಷರ.