ಡಬ್ಬಿಯ ಲೆಕ್ಕ

ಶುರುವಾದದ್ದು ಹೇಗೆ ಅಂತ ಕೇಳುತ್ತೀಯ.
ಬರೆದುಕೋ: ಒಂದು ಕೈಗವಸಿನಿಂದ.

ಸಫಿ ಊರಲ್ಲಿ ಆಗ ಕಾರ್ಖಾನೆಗೊಂದು ಸೈರನ್.
ನಮ್ಮದು ಗಂಟಲು ಕಟ್ಟಿದ ಕತ್ತೆಯ ಹಾಗೆ,
ಪಕ್ಕದ್ದು ತೆಳ್ಳಗೆ, ಹಸಿದ ಕೂಸಿನ ಹಾಗೆ.
ದೋಣಿ ದಡಕ್ಕೆ ಬಂತೆಂದರೆ, ನಡುರಾತ್ರಿಯೋ ಮೂರು ಗಂಟೆಯೋ,
ಕತ್ತೆ ಅರಚಿದರೆ ನಾವು, ಕೂಸು ಅತ್ತರೆ ಅವರು
ನಿದ್ದೆಯನ್ನು ಅಲ್ಲೇ ಮಡಚಿಟ್ಟು
ಇಳಿಜಾರು ಬೀದಿಯಲ್ಲಿ ಓಡುತ್ತಿದ್ದೆವು.
ಬೂತಾಯಿ ಕಾಯುವುದಿಲ್ಲ.

ಗವಸು ಹರಿದರೆ ಹೊಸದರ ದುಡ್ಡು ಸಂಬಳದಲ್ಲಿ ಕಡಿತ.
ಹನ್ನೊಂದು ವರ್ಷ ಹಾಗೇ ನಡೆದಿತ್ತು,
ಉಪ್ಪು ಹೊಕ್ಕ ಬೆರಳನ್ನು ಬಾಯಲ್ಲಿಟ್ಟುಕೊಂಡು ಸುಮ್ಮನಿದ್ದೆವು.
ಒಂದು ದಿನ ಹ್ನಿಯಾ, ಮಾತೇ ಆಡದವಳು,
ಹರಿದದ್ದನ್ನು ಮೇಸ್ತ್ರಿಯ ಮೇಜಿನ ಮೇಲಿಟ್ಟು
"ಇದು ನಿಮ್ಮ ಕೈ, ನೀವೇ ಹೊಲಿಸಿಕೊಳ್ಳಿ" ಅಂದಳು.
ಅಷ್ಟೇ. ಬಹುಶಃ ಅವತ್ತು ಅವಳಿಗೆ ನಿದ್ದೆ ಸಾಲದಾಗಿತ್ತು.
ಮರುದಿನ ಮೇಜಿನ ಮೇಲೆ ಎಂಟು ಗವಸು.
ಅದರ ಮರುದಿನ ಮೇಜೇ ಕಾಣಲಿಲ್ಲ.

ಅವತ್ತೇ ಯಾಕೆ?
ಉಕ್ಕುವ ಗಳಿಗೆ ಹಾಲಿಗೆ ಗೊತ್ತಿರುತ್ತದೆಯೇ?

ಆ ರಾತ್ರಿ ಕತ್ತೆ ಅರಚಿತು.
ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ನಾನು
ಗೋಡೆಯಾಚೆ ಮಹ್ಜೂಬಾಳ ಅಗುಳಿಗೆ ಕಿವಿಗೊಟ್ಟಿದ್ದೆ,
ಅವಳು ನನ್ನದಕ್ಕೆ.
ಅಗುಳಿ ಕದಲಲಿಲ್ಲ.
ಮೂರನೆಯ ಸಲ ಅರಚಿದಾಗ
ಆ ದನಿ ಏನನ್ನೋ ಬೇಡಿದ ಹಾಗೆ ಕೇಳಿಸಿತು.
ಎಚ್ಚರವಿದ್ದೂ ಅಷ್ಟು ಸುಖವಾಗಿ
ಮತ್ತೆಂದೂ ನಾನು ಮಲಗಿಲ್ಲ.

ಫೋಟೋದವರು ಬಂದದ್ದು ಮೊದಲ ವಾರ.
ಆಮೇಲಿನ ವಾರಗಳಲ್ಲಿ ಬಂದದ್ದು ಹಸಿವು.
ಅದಕ್ಕೇ ಈ ಡಬ್ಬಿ: ಎಣ್ಣೆಯ ವಾಸನೆ ಬಿಡದ ಐದು ಕಿಲೋದ್ದು,
ಮುಚ್ಚಳದಲ್ಲಿ ಸೀಳು.
ಅಕ್ಷರ ಬಾರದ ನಾನೇ ಖಜಾಂಚಿ.
ರ್ಕಿಯಾಳ ಹೆಸರಿಗೆ ಮೀನು, ತಾಮೂಗೆ ಬಾಚಣಿಗೆ,
ಇತ್ತೋ ಬೆಟ್ಟದ ಮೇಲಿಂದ ಬಂದವಳು, ಅವಳಿಗೊಂದು ಬೆಟ್ಟ.
ಕೊಟ್ಟದ್ದಕ್ಕೆ ನೆಟ್ಟಗೆ ಗೀಟು, ಪಡೆದದ್ದಕ್ಕೆ ಅಡ್ಡ.
ಯಾರ ಮಕ್ಕಳು ಯಾರ ಮನೆಯಲ್ಲಿ,
ಇವತ್ತು ಹರೀರಾ ಯಾರ ಒಲೆಯಲ್ಲಿ,
ಯಾರ ಗಂಡ ಹೊಡೆದ, ಅವನ ಹೊಸಿಲಲ್ಲಿ ಹೋಗಿ ಕೂತವರು ಯಾರು,
ಇದನ್ನೂ ಬರೆದುಕೋ ಮಗಳೇ,
ಘೋಷಣೆಗೆ ಗಳಿಗೆ ಸಾಕು,
ಕಡಲೆ ಬೇಯಲು ಮೂರು ಗಂಟೆ.

ಬಿರುಕು ಬಿಟ್ಟದ್ದೂ ಡಬ್ಬಿಯಿಂದಲೇ.
ಇಪ್ಪತ್ತು ದಿರ್ಹಮ್ ಕಡಿಮೆ ಬಿತ್ತು.
ನಾನು ಕದ್ದಿರಲಿಲ್ಲ. ಕದ್ದೆ ಎಂದವರೂ ಇಲ್ಲ.
ಆದರೆ ನೋಡಿದರು.
ಅಷ್ಟರಲ್ಲಿ ದೋಣಿಗಳು ಅಗಾದಿರ್ ಕಡೆ ತಿರುಗಿದ್ದವು.
ನಮ್ಮ ಪರ ಮಾತಾಡಲು ಒಳಗೆ ಹೋದ ಘನ್ನೂ
ಹೊರಬರುವಾಗ ಮೇಸ್ತ್ರಿಯ ನೀಲಿ ಕೋಟು ತೊಟ್ಟಿದ್ದಳು.
ಅವಳನ್ನು ಬೈಯಬೇಡ. ಮೂರು ಮಕ್ಕಳು, ಕೆಮ್ಮುವ ತಾಯಿ.
ಬೈಯುವಷ್ಟನ್ನು ನಾನೇ ಬೈದು ಮುಗಿಸಿದ್ದೇನೆ.
ಹನ್ನೊಂದನೆಯ ವಾರ ಕತ್ತೆ ಅರಚಿತು,
ಅಗುಳಿ ಸರಿಯಿತು.
ಮೊದಲು ನನ್ನದೋ ಮಹ್ಜೂಬಾಳದೋ,
ಇವತ್ತಿಗೂ ನಾವಿಬ್ಬರೂ ಕೇಳಿಕೊಂಡಿಲ್ಲ.

ಹ್ನಿಯಾಳನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ.
ಎರಡು ವರ್ಷದ ಮೇಲೆ, ಯಾರೂ ಏನೂ ಹೇಳದೆ,
ಸಂಬಳದ ಚೀಟಿಯಲ್ಲಿ ಒಂದು ಸಾಲು ಕಡಿಮೆಯಾಯಿತು:
ಗವಸಿನ ಸಾಲು.
ಈಗಿನ ಹುಡುಗಿಯರು ಬುಟ್ಟಿಯಿಂದ ಒಂದು ಜೊತೆ ಎತ್ತಿ
ಬಣ್ಣ ಸರಿಯಿಲ್ಲವೆಂದು ವಾಪಸ್ಸು ಎಸೆಯುತ್ತಾರೆ.
ನನಗೆ ಮೈಯೆಲ್ಲ ಉರಿಯುತ್ತದೆ.
ಆಮೇಲೆ ನಗು ಬರುತ್ತದೆ.

ನಿನ್ನ ಹಾಳೆಯಲ್ಲಿ ಎರಡೇ ಚೌಕ: ಗೆಲುವು, ಸೋಲು.
ಒಂದರಲ್ಲಿ ಗೀಟು ಹಾಕು ಎನ್ನುತ್ತೀಯ.
ನೆಟ್ಟಗೋ? ಅಡ್ಡವೋ?

ಈಗ ಸೈರನ್ನೂ ಇಲ್ಲ.
ಒಬ್ಬೊಬ್ಬಳ ದಿಂಬಿನಡಿ ಫೋನು ಗುಂಯ್ ಎನ್ನುತ್ತದೆ,
ಯಾರು ಎದ್ದರು, ಯಾರು ಏಳಲಿಲ್ಲ
ಗೋಡೆಯಾಚೆ ತಿಳಿಯುವುದಿಲ್ಲ.
ಆದರೂ ಮೊನ್ನೆ ಮೇಲಿನ ಮನೆಯ ಹುಡುಗಿ ಬಂದು
ಚಹಾ ಕುಡಿದು, ಸುಮ್ಮನೆ ಕೂತು,
"ಅಜ್ಜಿ, ಆ ಡಬ್ಬಿ ಇನ್ನೂ ಇದೆಯಾ?" ಅಂದಳು.
ಯಾಕೆ ಎಂದು ನಾನು ಕೇಳಲಿಲ್ಲ.

ಸ್ವಲ್ಪ ಸರಿದು ಕೂತುಕೋ.
ಅದರೊಳಗಿನ ಸಕ್ಕರೆಯನ್ನು
ಬೇರೆ ಪಾತ್ರೆಗೆ ಸುರಿಯಬೇಕು.